ಹಳೆಯ ಮನೆಗೆ ಕೊಳ್ಳುವವರು ಸಿಗುತ್ತಿಲ್ಲ

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಂದೆಯವರು 1978ರಲ್ಲಿ ಕಟ್ಟಿಸಿದ ಮನೆಯನ್ನು ಅವರು ತೀರಿಕೊಂಡ ಮೇಲೆ ಮಾರಾಟಕ್ಕಿಟ್ಟಿದ್ದೇವೆ. ಬಂದವರೆಲ್ಲ ನೋಡಿ, ಮತ್ತೆ ತಿಳಿಸುತ್ತೇವೆಂದು ಹೇಳಿ ಹೋಗುತ್ತಾರೆ. ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದರೆ ಅನುಕೂಲವಾದೀತೆ?

ಉತ್ತರ: ಅಡುಗೆಮನೆಗೆ ಈಗ ಕೈಹಾಕಬೇಡಿ. ಹಳೆಯ ಮನೆ ಕೊಳ್ಳುವವರು ಸಾಮಾನ್ಯವಾಗಿ ಅದನ್ನು ತಮ್ಮ ಇಷ್ಟದಂತೆ ಬದಲಾಯಿಸಿಕೊಳ್ಳುವುದರಿಂದ, ನೀವು ಹಾಕಿಸಿದ ಗ್ರಾನೈಟಿಗೆ ಅವರು ಹೆಚ್ಚಿನ ಬೆಲೆ ಕೊಡುವುದು ಅಪರೂಪ. ಅವರನ್ನು ಹಿಂಜರಿಯುವಂತೆ ಮಾಡುವುದು ಗೋಡೆಯ ತೇವ ಮತ್ತು ಕಾಗದಪತ್ರಗಳ ಗೊಂದಲ.

ಬಚ್ಚಲಿಗೆ ಹೊಂದಿಕೊಂಡ ಗೋಡೆಯ ಬುಡವನ್ನು ಒಮ್ಮೆ ಕೈಯಿಂದ ಸವರಿ ನೋಡಿ. ಅಲ್ಲಿ ಬಣ್ಣ ಉಬ್ಬಿ, ಬಿಳಿ ಪುಡಿ ಉದುರುತ್ತಿದ್ದರೆ ಮೇಲೆ ಹೊಸ ಬಣ್ಣ ಬಳಿಸುವುದು ದಂಡ. ಮೊದಲು ಸೋರುವ ಪೈಪನ್ನು ಸರಿಪಡಿಸಿ, ಹಾಳಾದ ಗಾರೆಯನ್ನು ಕೆತ್ತಿಸಿ, ಗೋಡೆ ಪೂರ್ತಿ ಒಣಗಿದ ಬಳಿಕವೇ ಹೊಸ ಗಾರೆ ಮತ್ತು ತಿಳಿಬಣ್ಣ ಮಾಡಿಸಿ. ರೆಡ್ ಆಕ್ಸೈಡ್ ನೆಲವಿದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ, ಚೆನ್ನಾಗಿ ತೊಳೆಸಿ ಪಾಲಿಶ್ ಮಾಡಿಸಿದರೆ ಸಾಕು. ಅಟ್ಟದ ಸಾಮಾನುಗಳನ್ನೂ ತೆರವು ಮಾಡಿಸಿ.

ಕಾಗದಪತ್ರಗಳ ವಿಷಯ ಇದಕ್ಕಿಂತ ಮುಖ್ಯ. ನಿಮಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದಾಗಿದ್ದು, ತಂದೆಯವರು ವಿಲ್ ಬರೆಯದೆ ತೀರಿಕೊಂಡಿದ್ದರೆ, ಅವರ ಸ್ವಯಾರ್ಜಿತ (ಸ್ವಂತ ಸಂಪಾದನೆಯ) ಮನೆಯಲ್ಲಿ ನಿಮ್ಮ ತಾಯಿಗೂ ಅಕ್ಕತಂಗಿಯರಿಗೂ ಸಮಾನ ಪಾಲಿದೆ. ಆದ್ದರಿಂದ ಅವರೆಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಡಬೇಕು. ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯಾದ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿ, ಇ-ಖಾತೆ (ಅದರ ಡಿಜಿಟಲ್ ರೂಪ), ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಾಯಿತ ಸಾಲ ಇತ್ಯಾದಿ ಇದೆಯೇ ಎಂದು ತೋರಿಸುವ ಪತ್ರ) ಮತ್ತು ತೆರಿಗೆ ರಸೀದಿಗಳನ್ನು ಒಂದೇ ಕಡತದಲ್ಲಿ ಸಿದ್ಧವಾಗಿಡಿ. ಗೃಹಸಾಲ ಪಡೆದು ಕೊಳ್ಳುವವರ ಬ್ಯಾಂಕಿನ ವಕೀಲರು ಮೊದಲು ಕೇಳುವುದೇ ಇವನ್ನು.

ಇಷ್ಟಾದರೂ ಗಿರಾಕಿ ಬಾರದಿದ್ದರೆ ಬೆಲೆಯನ್ನು ಪುನಃ ಪರಿಶೀಲಿಸಿ. ಇಷ್ಟು ಹಳೆಯ ಕಟ್ಟಡದಲ್ಲಿ ಹೆಚ್ಚಿನ ಬೆಲೆ ನಿವೇಶನಕ್ಕೇ ಸಲ್ಲುವುದರಿಂದ, ನಿಮ್ಮ ಬೀದಿಯಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ದರವನ್ನು ವಿಚಾರಿಸಿಯೇ ಮೊತ್ತವನ್ನು ನಿಗದಿಪಡಿಸಿ.