ಡೆಕ್ ಮೇಲಿನ ಸಣ್ಣ ಸಾಮಾನು

ಪ್ರಶ್ನೆ: 'ಕಟಿ ಸಾರ್ಕ್' ಹಾಯಿಹಡಗಿನ ಮರದ ಮಾದರಿ ಮಾಡುತ್ತಿದ್ದೇನೆ, 1:96 ಅಳತೆ. ಡೆಕ್ ಮೇಲಿನ ಹಿತ್ತಾಳೆ ಕೊಂಡಿಗಳನ್ನು ಸುಮ್ನೆ ಸೂಪರ್ ಗ್ಲೂ ಹಾಕಿ ಅಂಟಿಸಿದರೆ ಸಾಕಾ?

ಉತ್ತರ: ಸಾಲದು. ಹಗ್ಗ ಬಿಗಿದ ಕೂಡಲೇ ಕಿತ್ತು ಬರುತ್ತವೆ. ಕೈ ಡ್ರಿಲ್‌ನಿಂದ ಸಣ್ಣ ತೂತು ಕೊರೆದು, ಕೊಂಡಿಯ ಕಾಲನ್ನು ಅದರೊಳಗೆ ಇಳಿಸಿ, ಗುಂಡುಸೂಜಿ ತುದಿಯಿಂದ ಒಂದೇ ಹನಿ ಅಂಟು ಮುಟ್ಟಿಸಿ. ಜಾಸ್ತಿಯಾದರೆ ಡೆಕ್ ಮೇಲೆ ಬಿಳಿ ಕಲೆ ಉಳಿಯುತ್ತದೆ. ಇನ್ನೊಂದು ವಿಷಯ, ಹಗ್ಗ ಸುತ್ತುವ ಗೂಟಗಳು ಕಿಟ್‌ಗಳಲ್ಲಿ ಎಷ್ಟೋ ಸಲ ಅಳತೆಗಿಂತ ದೊಡ್ಡದಿರುತ್ತವೆ. ನಿಜವಾದ ಗೂಟ 40 ಸೆಂ.ಮೀ. ಇದ್ದರೆ ನಿಮ್ಮ ಮಾದರಿಯಲ್ಲಿ ಅದು 4 ಮಿ.ಮೀ. ಅಷ್ಟೇ. 8 ಮಿ.ಮೀ. ಗೂಟ ನೆಟ್ಟರೆ 1869ರ ಆ ನಾಜೂಕು ಚಹಾ ಹಡಗು ಆಟಿಕೆ ಥರ ಕಾಣುತ್ತದೆ, ಅಲ್ವಾ? ಗೂಟ, ಕೊಂಡಿ ಹಗ್ಗಕ್ಕೆ ಮೊದಲು. ಗಂಟೆ, ದೋಣಿ ಆಮೇಲೆ, ಇಲ್ಲದಿದ್ದರೆ ಅಂಗಿ ತೋಳಿಗೆ ಸಿಕ್ಕಿ ಮುರಿಯುತ್ತವೆ.