ಓದುಗರ ಪ್ರಶ್ನೆ: ಕರಡಿ ಡಬ್ಬಿಯಲ್ಲಿ ಹತ್ತು ದಿನದ ಊಟ

ಪ್ರಶ್ನೆ: ಆಗಸ್ಟ್‌ನಲ್ಲಿ ಒಬ್ಬನೇ ಕ್ಯಾಲಿಫೋರ್ನಿಯಾದ ಬೆಟ್ಟದ ಕಾಲುದಾರಿ ಜಾನ್ ಮ್ಯೂರ್ ಟ್ರೇಲ್ ನಡೆಯುವ ಯೋಚನೆ ಇದೆ. ಯೊಸೆಮಿಟಿಯಿಂದ ವಿಟ್ನಿ ಶಿಖರದವರೆಗೆ 340 ಕಿ.ಮೀ. ನಾನು ಸಸ್ಯಾಹಾರಿ, ಅಕ್ಕಿ-ಬೇಳೆ ಒಯ್ಯಬೇಕೆಂದಿದ್ದೆ. ಅರ್ಧ ದಾರಿಯಲ್ಲಿ ಊಟ ತುಂಬಿಸಿಕೊಳ್ಳುವ ತಾಣವಾದ ಮ್ಯೂರ್ ಟ್ರೇಲ್ ರ‍್ಯಾಂಚ್‌ನಿಂದ ಮುಂದೆ 10 ದಿನದ ಊಟ ಬೇಕು. 11.5 ಲೀಟರಿನ ಕರಡಿ ಡಬ್ಬಿಯಲ್ಲಿ (ಕರಡಿಗೆ ತೆರೆಯಲಾಗದ ಊಟದ ಡಬ್ಬಿ) ಎಷ್ಟು ಒತ್ತಿದರೂ 7 ದಿನದ್ದೇ ಹಿಡಿಯುತ್ತದೆ. ಏನು ಮಾಡಲಿ?
— ಓದುಗರು, ಸ್ಯಾನ್ ಹೋಸೆ

ಉತ್ತರ: ಅಕ್ಕಿ-ಬೇಳೆ ಮನೆಯಲ್ಲೇ ಇರಲಿ. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವ ಹೊತ್ತಿಗೆ ಗ್ಯಾಸ್ ಮುಗಿದಿರುತ್ತದೆ.

ಅಲ್ಲಿಗೆ ಅವಲಕ್ಕಿಯೇ ಸರಿ, ಆದರೆ ಇದ್ದ ಹಾಗೆ ತುಂಬಿದರೆ ಡಬ್ಬಿಯಲ್ಲಿ ಅರ್ಧ ಗಾಳಿಯೇ. ಗೊಜ್ಜವಲಕ್ಕಿಗೆ ಮಾಡುವಂತೆ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿಕೊಳ್ಳಿ. ಹುಣಸೆ, ಬೆಲ್ಲ, ಸಾರಿನ ಪುಡಿ ಸೇರಿಸಿ ನೀರಿನಂಶ ಆರುವವರೆಗೆ ಕುದಿಸಿದ ಗೊಜ್ಜು ಜೊತೆಗಿರಲಿ. ತಣ್ಣೀರಲ್ಲಿ 20 ನಿಮಿಷ ನೆನೆಸಿದರೆ ಊಟ ತಯಾರು, ಒಲೆಯೂ ಬೇಡ. ದಿನಕ್ಕೆ ಅವಲಕ್ಕಿ 300 ಗ್ರಾಂ, ಹುರಿದ ಕಡಲೆಕಾಯಿ ಬೀಜ 150, ಖರ್ಜೂರ 150, ತುಪ್ಪ 60: ಹತ್ತಿರ ಹತ್ತಿರ 3,000 ಕ್ಯಾಲೊರಿ. ಬೀಜವನ್ನು ಎಣ್ಣೆಯಲ್ಲಿ ಕರಿಯಬೇಡಿ, ಬಿಸಿಲಿಗೆ ಬೇಗ ಕಮಟು ಹಿಡಿಯುತ್ತದೆ.

ಇಷ್ಟಾದರೂ 10 ದಿನದ್ದು ಹಿಡಿಸುವುದು ಕಷ್ಟವೇ. ಊಟವನ್ನು ಕರಡಿ ಡಬ್ಬಿಯಲ್ಲೇ ಇಡಬೇಕೆಂಬ ನಿಯಮ ರಾತ್ರಿ ಉಳಿಯುವ ಆಹಾರಕ್ಕೆ. ರ‍್ಯಾಂಚ್‌ನಿಂದ ಹೊರಟ ದಿನವೇ ತಿಂದು ಮುಗಿಸುವುದು ಹೊರಗಿರಬಹುದು, ಅಲ್ಲಿಗೆ ಒಂದು ದಿನ ಕಳೆಯಿತು. ಉಳಿದದ್ದಕ್ಕೆ ಕಿಯರ್ಸಾರ್ಜ್ ಕಣಿವೆದಾರಿ ಹತ್ತಿ, ವಾಹನದ ರಸ್ತೆ ಸಿಗುವ ಆನಿಯನ್ ವ್ಯಾಲಿಗೆ ಇಳಿದು ಮತ್ತೆ ತುಂಬಿಸಿಕೊಳ್ಳುವುದೇ ನಮ್ಮ ಸಲಹೆ. ಒಂದು ಬದಿಗೆ ಸುಮಾರು 12 ಕಿ.ಮೀ. ಬಳಸು, ನಿಜ. ಆದರೆ ಚೀಲದಲ್ಲಿ ಹೆಚ್ಚುವರಿ ಅನ್ನದ ಗಂಟು ಇಟ್ಟುಕೊಂಡು ಮಲಗುವುದಕ್ಕಿಂತ ವಾಸಿ. ಮರಕ್ಕೆ ನೇತುಹಾಕಲು ಯೊಸೆಮಿಟಿಯಲ್ಲಿ ಅನುಮತಿಯೇ ಇಲ್ಲ.

ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಲಿಪ್ ಬಾಮ್‌ಗೂ ಡಬ್ಬಿಯಲ್ಲಿ ಜಾಗ ಬಿಡಿ. ಅನೇಕರು ಮರೆಯುವುದು ಇಲ್ಲೇ. ಡಬ್ಬಿಯನ್ನು ಟೆಂಟಿನಿಂದ 30 ಮೀಟರ್ ದೂರ ಇಡಿ, ಹೊಳೆಯ ಅಂಚಿನಲ್ಲಂತೂ ಬೇಡ: ಕರಡಿ ಉರುಳಿಸಿದರೆ ನೀರುಪಾಲು. ಬೆಳಗಿನ ಚಳಿಗೆ ಮುಚ್ಚಳ ಬಿಗಿದರೆ, ಕ್ಲಿಪ್ಪಿನ ಸಂದಿಗೆ ಹಳೆಯ ಬ್ಯಾಂಕ್ ಕಾರ್ಡ್ ತೂರಿಸಿ ತಿರುಗಿಸಿ.

ಪ್ರಶ್ನೆ: ಜುಲೈ ಮೊದಲ ವಾರ ಒಂಟಿಯಾಗಿ ಹೊಳೆ ದಾಟುವುದು ಹೇಗೆ?

ಉತ್ತರ: ಬೆಳಗ್ಗೆ ದಾಟಿ. ಹಗಲಿನ ಬಿಸಿಲಿಗೆ ಕರಗಿದ ಹಿಮವೆಲ್ಲ ಸಂಜೆಗೆ ಹೊಳೆಗೆ ಬಂದು ಸೇರುತ್ತದೆ. ನಿನ್ನೆ ಸಂಜೆ ತೊಡೆಮಟ್ಟ ಇದ್ದದ್ದು ಮುಂಜಾನೆ ಮೊಣಕಾಲಿಗೆ ಇಳಿದಿರಬಹುದು. ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಕೊಳ್ಳಿ; ಬಿದ್ದರೆ ಚೀಲ ಕಳಚಬೇಕು, ನಿಮ್ಮನ್ನು ಒತ್ತಿ ಹಿಡಿಯಬಾರದು. ಶೂ ಹಾಕಿಕೊಂಡೇ ಇಳಿಯಿರಿ, ನೀರು ಬರುವ ಕಡೆಗೆ ಮುಖ ಮಾಡಿ ಕೋಲೂರಿ ಅಡ್ಡಡ್ಡ ಸರಿಯಿರಿ. ಕಿರಿದಾದ ಜಾಗವೇ ಅಪಾಯ. ಹರವಾಗಿ ನಿಧಾನ ಹರಿಯುವಲ್ಲಿ ದಾಟಿ. ಜಾನ್ ಮ್ಯೂರ್ ಟ್ರೇಲ್‌ನ ಎವಲ್ಯೂಷನ್ ತೊರೆ ತುಂಬಿದ್ದಾಗ ಜನ ಮಾಮೂಲಿ ಜಾಗ ಬಿಟ್ಟು ಮೇಲಿನ ಹುಲ್ಲುಗಾವಲಲ್ಲಿ ದಾಟುವುದು ಇದಕ್ಕೇ. ಸೆಳೆತ ಹೆಚ್ಚಿದ್ದು ನೀರು ಮೊಣಕಾಲು ಮೀರಿದರೆ ವಾಪಸ್ ಬನ್ನಿ, ಇನ್ನೊಬ್ಬರು ಬರುವವರೆಗೆ ಕಾಯಿರಿ.

ಪ್ರಶ್ನೆ: ನೀರಿನ ಸ್ಕ್ವೀಝ್ ಫಿಲ್ಟರ್ (ಚೀಲ ಹಿಂಡಿ ನೀರು ಶೋಧಿಸುವಂಥದ್ದು) ರಾತ್ರಿ ಹೆಪ್ಪುಗಟ್ಟಿತ್ತು. ಕರಗಿದ ಮೇಲೆ ಬಳಸಬಹುದೇ?

ಉತ್ತರ: ಬೇಡ. ಒಳಗಿನ ಕೊಳವೆಗಳು ಬಿರಿದಿರಬಹುದು, ಹೊರಗೆ ಗೊತ್ತಾಗುವುದಿಲ್ಲ. ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಬಳಸಿ. ಹೊಸ ಫಿಲ್ಟರನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ.