ನೀವು ಕೇಳಿದ್ದು: ಅಟ್ಲಾಂಟಿಕ್ ದಂಡೆಗೆ ವ್ಯಾನ್ ತಗೊಂಡು ಹೋಗೋದು ಹೆಂಗೆ?

ಹೋದ ಸಂಚಿಕೇಲಿ ಫ್ರಾನ್ಸಿನ ಬೋರ್ಡೋದಲ್ಲಿ ಕ್ಯಾಂಪರ್‌ವ್ಯಾನ್ (ಒಳಗೇ ಅಡುಗೆ ಮಾಡ್ಕೊಂಡು ಮಲಗೋ ವ್ಯಾನ್) ಬಾಡಿಗೆಗೆ ತಗೊಂಡು, ಸ್ಪೇನ್ ಹಾದು, ಪೋರ್ಚುಗಲ್‌ನ ಎರಿಸೈರಾ ತನಕ ಹೋಗಿ, ದಾರೀಲಿ ಸರ್ಫಿಂಗ್, ಅಂದ್ರೆ ಬೋರ್ಡ್ ಮೇಲೆ ನಿಂತು ಅಲೆ ಸವಾರಿ, ಮಾಡಿದ್ದರ ಬಗ್ಗೆ ಬರೆದಿದ್ದೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದಾನೇ ಇಷ್ಟು ಪ್ರಶ್ನೆ ಬರ್ತಾವೆ ಅಂದ್ಕೊಂಡಿರಲಿಲ್ಲ, ಸಮುದ್ರ ನೋಡ್ಬೇಕಂದ್ರೆ ಘಾಟಿ ಇಳೀಬೇಕಾದ ಊರುಗಳು ನಮ್ಮವು. ಒಂದೇ ಥರದವನ್ನ ಸೇರಿಸಿ ಉತ್ತರ ಕೊಡ್ತಿದೀನಿ.

ಪ್ರಶ್ನೆ: ನಮ್ಮ ಕಾರ್ ಲೈಸೆನ್ಸಲ್ಲೇ ಅಲ್ಲಿ ಅಷ್ಟು ದೊಡ್ಡ ವ್ಯಾನ್ ಓಡಿಸಬಹುದಾ? ರೋಡಿನ ಬಲಗಡೆ ಓಡಿಸೋದು ಕಷ್ಟ ಆಗಲ್ವಾ? (ವಿದ್ಯಾನಗರ, ದಾವಣಗೆರೆ)

ಓಡಿಸಬಹುದು. ಅಲ್ಲಿ ಕಾರ್ ಲೈಸೆನ್ಸಿಗೆ 3,500 ಕೆಜಿ ತನಕ ಲಿಮಿಟ್ಟು, ಬಾಡಿಗೆಗೆ ಸಿಗೋ ವ್ಯಾನುಗಳು ಹೆಚ್ಚಾಗಿ ಅದರೊಳಗೇ ಇರ್ತಾವೆ. ನಮ್ಮ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ರಿ, ಒಂದು ವರ್ಷ ನಡಿಯುತ್ತೆ, ಜೊತೆಗೆ ಒರಿಜಿನಲ್ ಲೈಸೆನ್ಸೂ ಜೇಬಲ್ಲಿರಲಿ. ವಯಸ್ಸಿಗೆ ಮಾತ್ರ ಬಾಡಿಗೆ ಕಂಪನಿಗಳದು ತಮ್ಮತಮ್ಮದೇ ಲೆಕ್ಕ, ಕಾಲೇಜ್ ಹುಡುಗರು ಮೊದಲೇ ಕೇಳ್ಕೊಳ್ಳೋದು ಒಳ್ಳೇದು.

ಬಲಗಡೆ ಓಡಿಸೋದು ಎರಡು ದಿನದಲ್ಲಿ ರೂಢಿ ಆಗುತ್ತೆ. ಗೇರು ಬಲಗೈಗೆ ಬರೋದು, ರೌಂಡಬೌಟಲ್ಲಿ ಎಡಗಡೆಯಿಂದ ಬರೋರಿಗೆ ದಾರಿ ಬಿಡೋದು, ಇಷ್ಟು ತಲೇಲಿ ಕೂತ್ರೆ ಸಾಕು. ನಿಜವಾದ ತಲೆನೋವು ವ್ಯಾನಿನ ಎತ್ತರದ್ದು. ಬೀಚ್ ಪಾರ್ಕಿಂಗಿನ ಬಾಯಲ್ಲಿ ಎರಡು ಮೀಟರ್ ಸುಮಾರಿಗೆ ಒಂದು ಕಬ್ಬಿಣದ ಅಡ್ಡಪಟ್ಟಿ ನೇತಾಕಿರ್ತಾರೆ, ಕ್ಯಾಂಪರ್ ಒಳಗೆ ಬರಬಾರದು ಅಂತಾನೇ. ಕಾರ್ ಅಭ್ಯಾಸದಲ್ಲಿ ಸೀದಾ ನುಗ್ಗಿಸಿದ್ರೆ ಮೇಲೆ ಕಟ್ಟಿರೋ ಸರ್ಫ್ ಬೋರ್ಡು ಹೋಯ್ತು, ರೂಫು ಹೋಯ್ತು, ಡೆಪಾಸಿಟ್ಟೂ ಹೋಯ್ತು. ವ್ಯಾನಿನ ಎತ್ತರ ಒಂದು ಚೀಟೀಲಿ ಬರೆದು ಸ್ಟೇರಿಂಗ್ ಹತ್ರ ಅಂಟಿಸ್ಕೊಳ್ರಿ.

ಪ್ರಶ್ನೆ: ವಿಡಿಯೋಗಳಲ್ಲಿ ವ್ಯಾನಿನ ಹಿಂದಿನ ಬಾಗಿಲು ತೆಗೆದ್ರೆ ಸೀದಾ ಸಮುದ್ರ ಕಾಣ್ಸುತ್ತೆ. ಹಂಗೆ ಎಲ್ಲಿ ಬೇಕಾದ್ರೂ ನಿಲ್ಲಿಸಿ ಮಲಗಬಹುದಾ? (ಹೊಳಲ್ಕೆರೆ)

ಆ ವಿಡಿಯೋ ಮಾಡ್ದೋರು ಬೆಳಗ್ಗೆ ದಂಡ ಕಟ್ಟಿದ್ರಾ ಇಲ್ವಾ ಅನ್ನೋದನ್ನ ತೋರಿಸಲ್ಲ ನೋಡ್ರಿ. ಪೋರ್ಚುಗಲ್‌ನಲ್ಲಿ 2021ರ ಶುರುವಿಗೆ ಅನುಮತಿ ಇರೋ ಜಾಗ ಬಿಟ್ಟು ಬೇರೆಲ್ಲೂ ರಾತ್ರಿ ವ್ಯಾನಲ್ಲಿ ಮಲಗಂಗಿಲ್ಲ ಅಂತ ಕಾನೂನು ಬಂತು, ಗಲಾಟೆ ಆದ್ಮೇಲೆ ಅದೇ ವರ್ಷ ಸ್ವಲ್ಪ ಸಡಿಲ ಮಾಡಿ ಒಂದು ಮುನ್ಸಿಪಾಲಿಟಿ ವ್ಯಾಪ್ತೀಲಿ 48 ಗಂಟೆ ತನಕ ಓಕೆ ಅಂದ್ರು. ಆದ್ರೆ ನ್ಯಾಚುರಾ 2000 ಅನ್ನೋ ಸಂರಕ್ಷಿತ ಪ್ರದೇಶ ಮತ್ತೆ ಕರಾವಳಿ ಯೋಜನೆಗೆ ಸೇರಿದ ಜಾಗ ಇದರೊಳಗೆ ಬರಲ್ಲ, ಅಂದ್ರೆ ನಿಮಗೆ ಬೇಕಾದ ಆ ಬೀಚಿನ ತುದಿ ಹೆಚ್ಚುಕಮ್ಮಿ ಹೊರಗೇ ಉಳೀತು.

ಸ್ಪೇನಲ್ಲಿ ಪಾರ್ಕಿಂಗ್ ಬೇರೆ, ಕ್ಯಾಂಪಿಂಗ್ ಬೇರೆ. ವ್ಯಾನು ನಿಲ್ಲಿಸಿ ಒಳಗೆ ಮಲಗಿದ್ರೆ ಸಾಮಾನ್ಯವಾಗಿ ಅದು ಪಾರ್ಕಿಂಗ್, ಅದೇ ಹೊರಗೆ ಒಂದು ಕುರ್ಚಿ ಹಾಕಿ ಮೇಲಿನ ನೆರಳುಪರದೆ ಎಳೆದ್ರೋ ಕ್ಯಾಂಪಿಂಗ್ ಆಗೋಯ್ತು, ದಂಡ ಬೀಳಬಹುದು, ಅದರ ಮೇಲೆ ಆಯಾ ಊರಿನವರ ರೂಲ್ಸು ಬೇರೆ. ನಮ್ಮೋರಿಗೆ ಕಷ್ಟ ಇದು, ಗಾಡಿ ನಿಲ್ಸಿದ ತಕ್ಷಣ ಚಾಪೆ ಹಾಸಿ ಬುತ್ತಿ ಬಿಚ್ಚೋ ಜನ ನಾವು. ಫ್ರಾನ್ಸ್ ಈ ವಿಷಯದಲ್ಲಿ ವಾಸಿ, ಊರೂರಿಗೆ ಏರ್ ಅಂತ ಕ್ಯಾಂಪರ್ ನಿಲ್ದಾಣ ಅದಾವೆ, ನೀರು ತುಂಬಿಸ್ಕೊಂಡು ಕೊಳೆನೀರು ಖಾಲಿ ಮಾಡಿ ರಾತ್ರಿ ಅಲ್ಲೇ ಮಲಗಬಹುದು.

ಟಾಯ್ಲೆಟ್ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳಿಬಿಡ್ತೀನಿ. ವ್ಯಾನಿನ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು, ತೆಗೆದ್ರೆ ಸೂಟ್‌ಕೇಸ್ ಥರ ಒಂದು ಪ್ಲಾಸ್ಟಿಕ್ ಡಬ್ಬ ಎಳ್ಕೊಂಡು ಬರುತ್ತೆ, ಅದನ್ನ ಎರಡು ಮೂರು ದಿನಕ್ಕೊಮ್ಮೆ ಗುರುತಿರೋ ಗುಂಡೀಲೇ ಸುರಿದು, ತೊಳೆದು, ಕೆಮಿಕಲ್ ಹಾಕಿ ವಾಪಸ್ ತಳ್ಳಬೇಕು. ಸುರಿಯುವಾಗ ಗಾಳಿ ಬಟನ್ ಒತ್ತಿ ಹಿಡೀರಿ, ಇಲ್ಲಾಂದ್ರೆ ಗಳಗಳ ಅಂತ ಕಾಲಿಗೆ ಸಿಡಿಯುತ್ತೆ. ಈ ಕೆಲಸ ಯಾರದು ಅಂತ ಇಲ್ಲೇ ತೀರ್ಮಾನ ಮಾಡ್ಕೊಂಡು ವಿಮಾನ ಹತ್ರಿ, ಎಷ್ಟೋ ಸ್ನೇಹ ಉಳೀತಾವೆ.

ಪ್ರಶ್ನೆ: ಪೋರ್ಚುಗಲ್‌ನ ನಜರೆಯ ರಾಕ್ಷಸ ಅಲೆಗಳನ್ನ ನೋಡಿ ಹುಚ್ಚು ಹಿಡಿದಿದೆ ಸರ್. ಒಂದ್ಸಲ ಅಲ್ಲಿ ಸರ್ಫ್ ಮಾಡಬೇಕು. (ವಿದ್ಯಾರ್ಥಿ, ಚಿತ್ರದುರ್ಗ)

ಬೇಡಪ್ಪ. ನೋಡೋಕೆ ಮಾತ್ರ ಹೋಗು.

ಅಲ್ಲಿ ಅಲೆ ಯಾಕೆ ಹಂಗೆ ಏಳುತ್ತೆ ಅಂತ ಕೇಳು. ನಜರೆ ಮುಂದೆ ಸಮುದ್ರದ ತಳದಲ್ಲಿ 200 ಕಿ.ಮೀ.ಗಿಂತ ಉದ್ದದ ಕಮರಿ ಐತೆ, ಹೊರಗಡೆ ಅದರ ಆಳ ಸುಮಾರು 5 ಕಿ.ಮೀ. ಅಟ್ಲಾಂಟಿಕ್ ಮಧ್ಯದ ಬಿರುಗಾಳಿಯಿಂದ ಹೊರಟ ಅಲೆ ಈ ಕಮರಿ ಮೇಲೆ ಆಳದ ನೀರಲ್ಲಿ ವೇಗ ಕಳ್ಕೊಳ್ದೆ ಓಡಿಬರುತ್ತೆ, ಪಕ್ಕದಲ್ಲಿ ಆಳ ಇಲ್ಲದ ಕಡೆ ಬರೋ ಭಾಗ ನಿಧಾನ ಆಗುತ್ತೆ, ಹಿಂಗಾಗಿ ಅಲೆ ಬಾಗಿ ಪ್ರಾಯಾ ದೊ ನೋರ್ತೆ ಬೀಚಿನ ಮುಂದೆ ಎರಡೂ ಒಂದರ ಮೇಲೊಂದು ಸೇರ್ಕೊಂಡು ಎದ್ದುನಿಲ್ಲುತ್ತೆ. 2011ರಲ್ಲಿ ಅಮೆರಿಕದ ಸರ್ಫರ್ ಗ್ಯಾರೆಟ್ ಮ್ಯಾಕ್‌ನಮಾರಾ ಅಲ್ಲಿ 78 ಅಡಿ ಅಲೆ ಸವಾರಿ ಮಾಡಿದ ಮೇಲೆ ಆ ಮೀನುಗಾರರ ಊರಿಗೆ ಪ್ರಪಂಚದ ಕ್ಯಾಮೆರಾ ಎಲ್ಲ ಬಂದ್ವು, 2020ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟೂಟ್ನರ್ 86 ಅಡಿ ಅಲೆ ಸವಾರಿ ಮಾಡ್ದ. ಎಂಟು ಅಂತಸ್ತಿನ ಬಿಲ್ಡಿಂಗ್ ನಿನ್ನ ಬೆನ್ನಟ್ಟಿಕೊಂಡು ಬಂದಂಗೆ. ಅವರನ್ನ ಜೆಟ್‌ಸ್ಕಿ ಅಲೆಗೆ ಎಳ್ಕೊಂಡು ಹೋಗುತ್ತೆ, ಬಿದ್ರೆ ಎತ್ತೋಕೆ ಇನ್ನೊಂದು ಜೆಟ್‌ಸ್ಕಿ ಕಾಯ್ತಿರುತ್ತೆ, ಮೈಮೇಲೆ ಗಾಳಿ ತುಂಬ್ಕೊಳ್ಳೋ ಜಾಕೆಟ್ಟು, ಅದರ ಹಿಂದೆ ವರ್ಷಾನುಗಟ್ಟಲೆ ಉಸಿರು ಹಿಡಿಯೋ ಅಭ್ಯಾಸ.

ಅಕ್ಟೋಬರಿಂದ ಮಾರ್ಚ್ ಒಳಗೆ ಹೋಗಿ ಅಲ್ಲಿನ ಸಾವೊ ಮಿಗೆಲ್ ಕೋಟೆ ಮೇಲೆ ನಿಂತ್ಕೋ, ದೊಡ್ಡ ಅಲೆ ಬಂದ ದಿನ ಕಾಲ ಕೆಳಗೆ ಕಲ್ಲು ನಡುಗೋದು ಗೊತ್ತಾಗುತ್ತೆ. ಕೋಟೆ ಮೇಲೆ ನಿಂತು ಕೆಳಗೆ ನೋಡೋದು ದುರ್ಗದವರಿಗೆ ಕಲಿಸಬೇಕಾ?

ಪ್ರಶ್ನೆ: ನನಗೆ 42 ವರ್ಷ. ಭದ್ರಾ ಚಾನೆಲ್‌ನಲ್ಲಿ ಈಜು ಕಲ್ತೋನು. ಅಷ್ಟು ಸಾಕಾ, ಇಲ್ಲ ಬೇರೆ ತರಬೇತಿ ಬೇಕಾ? (ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ)

ವಯಸ್ಸು ಅಡ್ಡಿ ಇಲ್ಲ, ಭುಜಕ್ಕೆ ದಮ್ಮು ಇರಬೇಕು ಅಷ್ಟೇ. ಸರ್ಫಿಂಗ್ ಅಂದ್ರೆ ಹತ್ತಕ್ಕೆ ಒಂಬತ್ತು ಪಾಲು ಬೋರ್ಡ್ ಮೇಲೆ ಬೋರಲು ಮಲಗಿ ಕೈಯಲ್ಲಿ ನೀರು ಎಳೆಯೋದು, ನಿಂತ್ಕೊಳ್ಳೋದು ಕೊನೇ ಕೆಲವು ಸೆಕೆಂಡು.

ಚಾನೆಲ್ ಈಜು ಚಾನೆಲ್‌ಗೆ. ಅಲ್ಲಿ ನೀರು ಒಂದೇ ಕಡೆ ಹರಿಯುತ್ತೆ, ದಡ ಎರಡೂ ಕಡೆ ಕಾಣ್ಸುತ್ತೆ. ಅಟ್ಲಾಂಟಿಕ್ ದಂಡೇಲಿ ದಡಕ್ಕೆ ಬಂದ ನೀರು ವಾಪಸ್ ಹೋಗೋಕೆ ಮರಳಲ್ಲಿ ಕಾಲುವೆ ಕೊರ್ಕೊಂಡಿರುತ್ತೆ, ರಿಪ್ ಕರೆಂಟ್ ಅನ್ನೋದು ಅದನ್ನೇ. ಫ್ರಾನ್ಸಿನ ಲಾಂಡ್ ದಂಡೆ ಉದ್ದಕ್ಕೂ ಮರಳದಿಣ್ಣೆ ಹಿಂದೆ ಕೊಳದ ಥರ ನೀರು ನಿಂತಿರುತ್ತೆ, ಬೈನ್ ಅಂತಾರೆ, ಮಕ್ಕಳು ಆಟ ಆಡೋ ಹಂಗೆ ಕಾಣ್ಸುತ್ತೆ, ಸಮುದ್ರದ ಇಳಿತ ಶುರುವಾದ್ರೆ ಅಷ್ಟೂ ನೀರು ಒಂದು ಸಂದಿ ಹಿಡ್ಕೊಂಡು ಹೊರಗೆ ಓಡುತ್ತೆ, ಜೊತೆಗೆ ನೀವೂ. ಸಿಕ್ಕಾಕ್ಕೊಂಡ್ರೆ ದಡದ ಕಡೆ ಬಡ್ಕೊಂಡು ಈಜಬೇಡ್ರಿ, ಬೋರ್ಡ್ ಬಿಡಬೇಡ್ರಿ, ಕೈ ಎತ್ತಿ ಸಹಾಯ ಕೇಳ್ರಿ, ಎಳೆತ ಕಮ್ಮಿ ಆದ್ಮೇಲೆ ಪಕ್ಕಕ್ಕೆ ಸರಿದು ಅಲೆ ಒಡೀತಿರೋ ಕಡೆಯಿಂದ ಬರ್ರಿ. ಅಲೆ ಒಡೀದೆ ನೀರು ನುಣ್ಣಗೆ, ಕಡುಬಣ್ಣಕ್ಕೆ ಇರೋ ಜಾಗ ನೋಡಿ ಇಲ್ಲೇ ಸುಲಭ ಅಂತ ಇಳೀತಾರಲ್ಲ, ಹೆಚ್ಚಾಗಿ ಅದೇ ಆ ಕಾಲುವೆ.

ಯೂರೋಪಿನ ಖರ್ಚಲ್ಲಿ ಅಆಇಈ ಕಲಿಯೋದ್ಯಾಕೆ? ಆಗುಂಬೆ ಘಾಟಿ ಇಳಿದು ಮೂಲ್ಕಿಗೆ ಹೋಗ್ರಿ, ಭಾರತದ ಹಳೇ ಸರ್ಫ್ ಕ್ಲಬ್ ಇರೋದೇ ಅಲ್ಲಿ, ಪಕ್ಕದ ಸಸಿಹಿತ್ಲಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆದದಾವೆ. ನೀರೂ ಬೆಚ್ಚಗಿರುತ್ತೆ. ಮಳೆಗಾಲ ಬಿಟ್ಟು ಹೋಗಿ, ದೊಡ್ಡ ಫೋಮ್ ಬೋರ್ಡಲ್ಲಿ ಬಿಳಿನೊರೆ ಮೇಲೆ ಎದ್ದುನಿಲ್ಲೋದು ಬಂದ್ರೆ ಯೂರೋಪಿಗೆ ಹೋದ ಮೊದಲ ದಿನದಿಂದಾನೇ ಮಜಾ ಸಿಗುತ್ತೆ.

ಪ್ರಶ್ನೆ: ಯಾವ ತಿಂಗಳು ಹೋಗಬೇಕು? ಬೇಸಿಗೇಲಿ ನೀರು ಬೆಚ್ಚಗಿರುತ್ತಲ್ವಾ? (ಹರಿಹರ)

ಫ್ರಾನ್ಸಲ್ಲಿ ಆಗಸ್ಟ್‌ಗೆ 20 ಡಿಗ್ರಿ ದಾಟುತ್ತೆ. ಪೋರ್ಚುಗಲ್‌ನಲ್ಲಿ ಕಥೆ ಉಲ್ಟಾ, ದಕ್ಷಿಣಕ್ಕೆ ಹೋದಂಗೆ ಬೆಚ್ಚಗಾಗಬೇಕು ಅಲ್ವಾ, ಆಗಲ್ಲ. ಬೇಸಿಗೇಲಿ ಉತ್ತರದಿಂದ ನೊರ್ತಾದಾ ಅನ್ನೋ ಗಾಳಿ ಹಟಕ್ಕೆ ಬಿದ್ದು ಬೀಸುತ್ತೆ, ಮೇಲಿನ ಬಿಸಿನೀರು ದಡ ಬಿಟ್ಟು ಆಚೆ ಹೋಗುತ್ತೆ, ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತೆ. ಜುಲೈ ಬಿಸಿಲಲ್ಲೂ 17-18 ಡಿಗ್ರಿ ನೀರು. ತುಂಗಭದ್ರೇಲಿ ಮಿಂದೋರಿಗೆ ಹಲ್ಲು ಕಟಕಟ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಬೇಕೇಬೇಕು.

ನನ್ನ ಆಯ್ಕೆ ಸೆಪ್ಟೆಂಬರ್. ಜನ ಖಾಲಿ, ನೀರಲ್ಲಿ ಇನ್ನೂ ಬೇಸಿಗೆ ಬಿಸಿ ಉಳಿದಿರುತ್ತೆ, ಅಲೆ ಆಗತಾನೆ ಶುರು ಆಗಿರುತ್ತೆ. ನವೆಂಬರ್ ಆಚೆ ಕಲಿಯೋರಿಗಲ್ಲ.

ಅಲೆಯ ಫೋರ್‌ಕಾಸ್ಟ್ ನೋಡುವಾಗ ಬರೀ ಎತ್ತರ ನೋಡಿ ಖುಷಿ ಪಡಬೇಡ್ರಿ. ಎರಡು ಅಲೆ ಮಧ್ಯ ಎಷ್ಟು ಸೆಕೆಂಡು ಅನ್ನೋದು ನೋಡ್ರಿ, 7 ಸೆಕೆಂಡ್ ಇದ್ರೆ ಹತ್ತಿರದ ಗಾಳಿ ಎಬ್ಬಿಸಿದ ಗಲಿಬಿಲಿ, 13-14 ಇದ್ರೆ ದೂರದಿಂದ ಸಾಲುಕಟ್ಟಿ ಬಂದಿದ್ದು, ಅದೇ ಎತ್ತರಕ್ಕೆ ಜೋರು ಜಾಸ್ತಿ. ಆಮೇಲೆ ಗಾಳಿ: ನೆಲದಿಂದ ಸಮುದ್ರದ ಕಡೆ ಬೀಸಿದ್ರೆ ಅಲೆ ನೀಟಾಗಿ ನಿಲ್ಲುತ್ತೆ, ಸಮುದ್ರದಿಂದ ಬೀಸಿದ್ರೆ ಎಲ್ಲ ಕಲಸುಮೇಲೋಗರ. ಗಾಳಿ ಲೆಕ್ಕ ದುರ್ಗದ ಫ್ಯಾನ್‌ಗುಡ್ಡಗಳ ಕೆಳಗೆ ಬೆಳೆದೋರಿಗೆ ಬೇಗ ಹತ್ತಬೇಕು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬೆಣ್ಣೆ, ತುಪ್ಪ, ಮಂಡಕ್ಕಿ ತಗೊಂಡು ಹೋಗಬಹುದಾ? ವ್ಯಾನಲ್ಲಿ ದೋಸೆ ಆಗುತ್ತಾ? (ಪಿ.ಜೆ. ಬಡಾವಣೆ, ದಾವಣಗೆರೆ)

ಮಂಡಕ್ಕಿ ಒಯ್ರಿ, ಹಗುರ, ಜಾಗ ಮಾತ್ರ ತಿನ್ನುತ್ತೆ. ಬೆಣ್ಣೆ, ತುಪ್ಪ, ಪೇಡ ಬೇಡ, ಯೂರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಂಗಿಲ್ಲ, ಏರ್‌ಪೋರ್ಟಲ್ಲಿ ಡಬ್ಬ ಸಮೇತ ಕಿತ್ಕೊಂತಾರೆ. ಬೆಣ್ಣೆಗೇನು ಬರ ಇಲ್ಲ ಬಿಡ್ರಿ, ಫ್ರಾನ್ಸಿನ ಉಪ್ಪುಬೆಣ್ಣೆ ಹಚ್ಚಿದ್ರೆ ದೋಸೆ ನಮ್ಮೂರಿಂದಕ್ಕೆ ಹತ್ತಿರ ಹತ್ತಿರ ಬರುತ್ತೆ, ಹತ್ತಿರ ಅಷ್ಟೇ. ಹಿಟ್ಟು ಆ ಚಳಿಗೆ ಹುಳಿಬರೋಕೆ ಎರಡು ದಿನ ತಗೊಳ್ಳುತ್ತೆ, ಮಧ್ಯಾಹ್ನ ಬಿಸಿಲಲ್ಲಿ ನಿಂತ ವ್ಯಾನೊಳಗೆ ಇಟ್ರೆ ಬೇಗ. ಸ್ಟೋವ್ ಎರಡು ಬರ್ನರ್‌ದು. ಸಿಲಿಂಡರ್ ಬಾಯಿ ದೇಶದಿಂದ ದೇಶಕ್ಕೆ ಬೇರೆ, ಅದಕ್ಕೇ ಗಡಿ ದಾಟೋ ಮೊದಲು ಗ್ಯಾಸ್ ಎಷ್ಟೈತೆ ನೋಡ್ಕೊಳ್ರಿ. ಪೋರ್ಚುಗಲ್‌ನ ಕಾಲ್ದೊ ವೆರ್ದೆ ಸೂಪು ಹಸಿರಾಗಿ ಐತೆ ಅಂತ ಕುಡೀಬೇಡ್ರಿ, ತಳದಲ್ಲಿ ಹಂದಿ ಸಾಸೇಜ್ ಇರುತ್ತೆ.

ಪ್ರಶ್ನೆ: ವೀಸಾ? (ಹಿರಿಯೂರು, ಜಗಳೂರು, ಇನ್ನೂ ಕೆಲವರು)

ಷೆಂಗೆನ್ ವೀಸಾ ಒಂದೇ ಸಾಕು ಮೂರೂ ದೇಶಕ್ಕೆ. 180 ದಿನದಲ್ಲಿ 90 ದಿನಕ್ಕಿಂತ ಹೆಚ್ಚು ಇರಂಗಿಲ್ಲ, ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಎಲ್ಲಿ ಹೆಚ್ಚು ರಾತ್ರಿ ಇರ್ತೀರೋ ಆ ದೇಶಕ್ಕೆ ಅರ್ಜಿ. ವ್ಯಾನಲ್ಲಿ ಮಲಗ್ತೀವಿ ಅಂತ ಬರೆದ್ರೆ ಸಾಲಲ್ಲ, ವ್ಯಾನ್ ಬುಕಿಂಗ್ ಜೊತೆ ಕ್ಯಾಂಪ್‌ಸೈಟ್ ಬುಕಿಂಗೂ ಇಡ್ರಿ. ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕೊನೇ ಗಳಿಗೆಗೆ ಬಿಡಬೇಡ್ರಿ.

ಪ್ರಶ್ನೆ: 15 ದಿನದಲ್ಲಿ ಫ್ರಾನ್ಸಿನ ಬಿಯಾರಿಟ್ಜ್‌ನಿಂದ ಪೋರ್ಚುಗಲ್ ತುದಿಯ ಸಾಗ್ರೆಸ್ ತನಕ ಎಲ್ಲ ಬೀಚೂ ಮುಗಿಸೋ ಪ್ಲ್ಯಾನ್ ಹಾಕಿದೀವಿ, ದಿನಕ್ಕೊಂದು ಊರು. ನೋಡಿ ಹೇಳಿ. (ನಾಲ್ಕು ಜನ ಗೆಳೆಯರು, ದಾವಣಗೆರೆ)

ಪಟ್ಟಿ ನೋಡ್ದೆ. ಧರ್ಮಸ್ಥಳ ಸುಬ್ರಹ್ಮಣ್ಯ ಉಡುಪಿ ಕೊಲ್ಲೂರು ಒಂದೇ ಬಸ್ಸಲ್ಲಿ ಮಾಡ್ತೀವಲ್ಲ, ಅದೇ ಕೈಯ ಪ್ಲ್ಯಾನು. ದೇವರು ಗರ್ಭಗುಡೀಲೇ ಇರ್ತಾನೆ, ಅಲೆ ಇರಲ್ಲ ಕಣ್ರಪ್ಪ.

ಮುಂಡಾಕ ಹಾಕಿದೀರಿ. ಸ್ಪೇನಿನ ಬಾಸ್ಕ್ ಸೀಮೆಯ ಆ ನದೀಮುಖದ ಅಲೆ ನಿಂತಿರೋದೇ ಮರಳಿನ ದಿಣ್ಣೆ ಮೇಲೆ, ನದೀಲಿ ಹೂಳೆತ್ತಿ ಆ ದಿಣ್ಣೆ ಕೆಟ್ಟು 2005ರಲ್ಲಿ ಅಲ್ಲಿನ ವಿಶ್ವಮಟ್ಟದ ಸ್ಪರ್ಧೆಯೇ ರದ್ದಾಗಿತ್ತು, ಆಮೇಲೆ ಮರಳು ಕೂಡಿ ಅಲೆ ವಾಪಸ್ ಬಂತು. ಇದ್ದಾಗಲೂ ದಿನಾ ಇರಲ್ಲ, ಇದ್ದ ದಿನ ನಿಮ್ಮಂಥೋರಿಗಲ್ಲ. ಫ್ರಾನ್ಸಿನ ಹೊಸೆಗೋರ್‌ನಲ್ಲಿ ಅಲೆ ದಡದ ಮೇಲೇ ದಬಾರ್ ಅಂತ ಬೀಳುತ್ತೆ, ಅದೂ ಬಿಡ್ರಿ.

ವ್ಯಾನ್ ತಗೊಳ್ಳೋದು ಊರು ಎಣಿಸೋಕಲ್ಲ, ಗಾಳಿ ತಿರುಗಿದಾಗ ನೀವೂ ತಿರುಗೋಕೆ. ಹೋಟೆಲ್ ಬುಕ್ ಮಾಡ್ದೋನಿಗೆ ಆ ಸೌಕರ್ಯ ಇಲ್ಲ. ಅದಕ್ಕೇ ನಾನಾಗಿದ್ರೆ ಸೀದಾ ಲಿಸ್ಬನ್‌ಗೆ ಇಳಿದು ಪೆನಿಶ್‌ನಲ್ಲಿ ಠಿಕಾಣಿ ಹಾಕ್ತಿದ್ದೆ. ಅದು ಸಮುದ್ರದೊಳಗೆ ಚಾಚ್ಕೊಂಡಿರೋ ಊರು, ಪಕ್ಕದಲ್ಲೇ ಬಲ್ಯಾಲ್ ಅಂತ ಇನ್ನೊಂದು ಸಣ್ಣ ಚಾಚು. ಉತ್ತರದ ಗಾಳಿ ಬಂದು ಒಂದು ಬದಿ ಕೆಡ್ತು ಅಂದ್ರೆ ವ್ಯಾನ್ ಎತ್ತಿ ಇನ್ನೊಂದು ಬದಿಗೆ ಬಂದ್ರೆ ಅದೇ ಗಾಳಿ ಅಲ್ಲಿ ದಡದಿಂದ ಬೀಸ್ತಿರುತ್ತೆ, ಸ್ವಲ್ಪ ದೂರದ ಡ್ರೈವು ಅಷ್ಟೇ. ಬಲ್ಯಾಲಲ್ಲಿ ಕಲಿಯೋರ ಅಲೆ, ಸರ್ಫ್ ಶಾಲೆ ಬೇಕಾದಷ್ಟು. ದೊಡ್ಡೋರ ಆಟ ನೋಡಬೇಕಾ, ಪಕ್ಕದ ಸೂಪರ್‌ಟ್ಯೂಬೋಸ್ ದಂಡೆ ಮೇಲೆ ಕೂತ್ಕೊಳ್ರಿ. ಬೇಜಾರಾದ್ರೆ ಕೆಳಗೆ ಎರಿಸೈರಾ, 2011ರಿಂದ ಯೂರೋಪಿನ ಮೊದಲ ವರ್ಲ್ಡ್ ಸರ್ಫಿಂಗ್ ರಿಸರ್ವ್ ಅದು, ಅಂದ್ರೆ ಅಲೆ ಕೆಡದಂಗೆ ಕಾಪಾಡೋಕೆ ಗುರುತು ಮಾಡಿದ ದಂಡೆ. ಮೇಲೆ ನಜರೆ. 15 ದಿನಕ್ಕೆ ಇಷ್ಟು ಧಾರಾಳ.

ಪ್ರಶ್ನೆ: ಬೋರ್ಡ್ ಇಲ್ಲಿಂದಲೇ ಒಯ್ಯಬೇಕಾ? (ಚಳ್ಳಕೆರೆ)

ಬೇಡ. ವಿಮಾನದವರು ಎಕ್ಸ್‌ಟ್ರಾ ದುಡ್ಡೂ ಕೇಳ್ತಾರೆ, ಮೂತಿ ಮುರಿದೂ ಕೊಡ್ತಾರೆ. ಅಲ್ಲೇ ಬಾಡಿಗೆಗೆ ಸಿಗುತ್ತೆ, ವೆಟ್‌ಸೂಟ್ ಸಮೇತ. ಆದ್ರೆ ಬೋರ್ಡ್ ಕಾಲಿಗೆ ಕಟ್ಕೊಳ್ಳೋ ಹಗ್ಗದ ವೆಲ್ಕ್ರೋ ಗಟ್ಟಿ ಐತಾ ಅಂತ ಅಂಗಡೀಲೇ ನಾಲ್ಕು ಸಲ ಎಳೆದು ನೋಡಿ ತಗೊಳ್ರಿ.